ಆರು ವರ್ಷ ಕ್ಷಮಿಸಿದ ಏಣಿ

ಕ್ಷಮಿಸುವುದು ನನಗೆ ಅಂಥ ಕಷ್ಟದ ಕೆಲಸವಲ್ಲ. ಕ್ಷಮಿಸಿದ್ದನ್ನು ಯಾರಿಗೂ ಹೇಳದೆ ಇರುವುದು ಕಷ್ಟ. ಕೊಳ್ಳೇಗಾಲದ ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ದಿನ ಎಲ್ಲರಿಗೂ ಒಂದು ಪಟ್ಟಿ ಹಂಚುತ್ತಾರೆ. ಅದರಂತೆ ದಿನವೂ ಹಳೆಯ ಒಡಂಬಡಿಕೆಯಿಂದ ಒಂದಿಷ್ಟು, ಹೊಸ ಒಡಂಬಡಿಕೆಯಿಂದ ಒಂದಿಷ್ಟು ಓದುತ್ತ ಹೋದರೆ ವರ್ಷದ ಕೊನೆಗೆ ಇಡೀ ಬೈಬಲ್ ಮುಗಿಯುತ್ತದೆ. ಮುಗಿಯುತ್ತದೆ ಎಂದು ಕೇಳಿದ್ದೇನೆ. ನಾನು ಮಾತ್ರ ಪ್ರತಿವರ್ಷ ಫೆಬ್ರವರಿಯಲ್ಲಿ, ಯಾಜಕಕಾಂಡದ ಹೊತ್ತಿಗೆ, ಹೋಮದ ಪಶುವಿನ ಕೊಬ್ಬನ್ನು ಏನು ಮಾಡಬೇಕು ಎಂಬ ವಿವರಗಳ ನಡುವೆ ಸುಸ್ತಾಗಿ ಕೂತುಬಿಡುತ್ತೇನೆ. ಹಾಗಾಗಿ ನನ್ನ ಬೈಬಲ್ಲಿನಲ್ಲಿ ಆದಿಕಾಂಡದ ಹಾಳೆಗಳು ಬೆರಳ ಜಿಡ್ಡಿಗೆ ಕಂದಿಹೋಗಿವೆ. ಮುಂದೆ ಬರುವ ಪ್ರವಾದಿಗಳೆಲ್ಲ ಅಂಗಡಿಯಿಂದ ತಂದ ಹಾಗೇ ಇದ್ದಾರೆ.

ನಾನು ಹನೂರಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಹೋಗುವಾಗ ಬಸ್ಸಿನಲ್ಲಿ ಓದುತ್ತೇನೆ, ಮನೆಗೆ ಬಂದು ಆ ಭಾಗದ ಬಗ್ಗೆ ಮನಸ್ಸಿಗೆ ತೋಚಿದ್ದನ್ನೂ ಆ ದಿನ ನಡೆದದ್ದನ್ನೂ ಡೈರಿಯಲ್ಲಿ ಬರೆಯುತ್ತೇನೆ. ನೆನಪನ್ನು ನಂಬಬಾರದು, ದಾಖಲೆಯನ್ನು ನೋಡಬೇಕು ಎಂದು ಹುಡುಗರಿಗೆ ಪಾಠ ಮಾಡುವವನು ನಾನು. ಹೀಗಾಗಿ ಇಪ್ಪತ್ತು ವರ್ಷದಿಂದ ಒಂದು ದಿನವೂ ಬಿಡದೆ ಬರೆದಿದ್ದೇನೆ. ಬರೆದದ್ದನ್ನು ತಿರುಗಿಸಿ ಓದುವ ಅಗತ್ಯ ಮಾತ್ರ ಯಾವತ್ತೂ ಬಿದ್ದಿರಲಿಲ್ಲ. ಏನು ಬರೆದಿದ್ದೇನೆಂದು ನೆನಪಿದೆಯಲ್ಲ!

ಪಟ್ಟಿಯ ಪ್ರಕಾರ ಜನವರಿ ಎರಡನೆಯ ವಾರದಲ್ಲಿ ಯಾಕೋಬ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಕನಸಿನಲ್ಲಿ ಭೂಮಿಯಿಂದ ಆಕಾಶಕ್ಕೆ ಒಂದು ಏಣಿ ನಿಂತಿರುತ್ತದೆ, ದೇವದೂತರು ಹತ್ತಿ ಇಳಿಯುತ್ತಿರುತ್ತಾರೆ. ಎಂಥ ಭಾಗ! ಬೇರೆಯವರಿಗೆ ಇಲ್ಲಿ ದೇವರ ಸಾನ್ನಿಧ್ಯ ನೆನಪಾಗುತ್ತದೆ. ನನಗೆ ಸಾಮುವೇಲ ನೆನಪಾಗುತ್ತಾನೆ. ಸಾಮುವೇಲ ನಮ್ಮ ಬೀದಿಯ ಕೊನೆಯ ಮನೆಯವನು, ನಮ್ಮ ಸಭೆಯವನೇ, ಗೋಡೆಗೆ ಸುಣ್ಣ ಬಣ್ಣ ಹೊಡೆಯುವುದು ಅವನ ಕೆಲಸ. ನನ್ನ ಬಿದಿರಿನ ಏಣಿಯನ್ನು ಅದ್ಯಾವಾಗಲೋ ಒಯ್ದವನು ತಂದುಕೊಡಲೇ ಇಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಮನೆಯ ಮುಂದೆ ನಕ್ಷತ್ರ ಕಟ್ಟಲು ನನ್ನ ಏಣಿಯನ್ನು ನಾನೇ ಹೋಗಿ ಕೇಳಿ ತರುತ್ತಿದ್ದೆ. ಮರುದಿನ ವಾಪಸ್ಸು ಇಟ್ಟು, “ಪರವಾಗಿಲ್ಲಪ್ಪಾ, ನಿನ್ನ ಹತ್ರಾನೇ ಇರಲಿ” ಎನ್ನುತ್ತಿದ್ದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಆಯ್ತು ಸಾ” ಎನ್ನುತ್ತಿದ್ದ. ಜನವರಿ ಬಂತೆಂದರೆ ಯಾಕೋಬನ ಭಾಗ ಓದಿ, ಡೈರಿಯಲ್ಲಿ ‘ಸಾಮುವೇಲನನ್ನು ಕ್ಷಮಿಸಿದೆ’ ಎಂದು ಬರೆಯುತ್ತಿದ್ದೆ. ಹೀಗೆ ಆರು ವರ್ಷ ಕ್ಷಮಿಸಿದೆ. ಏಣಿ ನನ್ನದೆಂಬುದಕ್ಕೆ ಗುರುತೂ ಇತ್ತು. ಅದರ ಮೂರನೆಯ ಮೆಟ್ಟಿಲಿಗೆ ನೀಲಿ ನೈಲಾನ್ ಹಗ್ಗ ಬಿಗಿದವನು ನಾನೇ. ಕಟ್ಟಿದ ಗಂಟು ಕೂಡ ಕಣ್ಣ ಮುಂದಿದೆ.

ಈ ಸಲ ಅದೇ ವಾರದ ಶುಕ್ರವಾರ ಮನೆಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ಆ ದಿನದ ಭಾಗ, ನಿನ್ನ ಅಂಗಿ ಕಿತ್ತುಕೊಳ್ಳುವವನಿಗೆ ಮೇಲಂಗಿಯನ್ನೂ ಬಿಟ್ಟುಕೊಡು ಎಂದು ಯೇಸು ಬೆಟ್ಟದ ಮೇಲೆ ಹೇಳಿದ ಮಾತು. ನಾಲ್ಕು ಮಾತು ಹೇಳುವ ಸರದಿ ನನ್ನದು. ಅಂಗಿ, ಮೇಲಂಗಿ ಎಂದರೆ ಕೊಳ್ಳೇಗಾಲದವರಿಗೆ ಮನಸ್ಸಿಗೆ ತಟ್ಟುವುದಿಲ್ಲವೆಂದು ಏಣಿಯ ಉದಾಹರಣೆ ಕೊಟ್ಟೆ. ಹೆಸರು ಹೇಳಲಿಲ್ಲ, ಒಬ್ಬ ಸಹೋದರ ಎಂದಷ್ಟೇ ಹೇಳಿದೆ. ನಮ್ಮ ಬೀದಿಯಲ್ಲಿ ಇರುವುದೇ ಒಂದು ಏಣಿ ಎಂಬುದು ಆಗ ಹೊಳೆಯಲಿಲ್ಲ. ಹದಿನೈದು ಜನ ಒಟ್ಟಿಗೆ ಸಾಮುವೇಲನತ್ತ ತಿರುಗಿದರು. ಅವನು ತಲೆ ತಗ್ಗಿಸಿ ಬೈಬಲ್ಲಿನಲ್ಲಿ ಆ ವಚನವನ್ನೇ ಬೆರಳಿಟ್ಟು ಓದುತ್ತಿದ್ದ. ಅವನ ಹೆಂಡತಿ ಎಸ್ತರಮ್ಮ, ನಾವು ಕೊಟ್ಟ ಟೀ ಕುಡಿಯದೆ ಎದ್ದುಹೋದಳು.

ಮರುದಿನ ಬೆಳಿಗ್ಗೆ ಸಾಮುವೇಲ ಏಣಿ ಹೊತ್ತು ಬಂದ.

“ಎಲ್ ಮಡುಗ್ಲಿ ಸಾ?”

“ಅಯ್ಯೋ, ನಾನೇನು ಕೇಳಿದೆನೇನಪ್ಪಾ?”

“ನಿಮ್ದು ಅಂದ್ರಲ್ಲ ಸಾ ನೆನ್ನೆ.” ಏಣಿಯನ್ನು ಗೋಡೆಗೆ ಒರಗಿಸಿ, ಉದ್ದ ಕೋಲು ಕಟ್ಟಿದ ಸುಣ್ಣದ ಬ್ರಷ್ಷನ್ನೂ ಪಕ್ಕದಲ್ಲಿಟ್ಟ. “ಇದ್ನೂ ಮಡೀಕಳಿ.”

“ಬ್ರಷ್ಷು ಯಾಕಯ್ಯಾ?”

“ಅಂಗಿ ತಕಂಡೋರ್ಗೆ ಮೇಲಂಗಿನೂ ಕೊಡಿ ಅಂತ ನೀವೇ ಏಳುದ್ರಲ್ಲ ಸಾ” ಎಂದವನೇ ಹೊರಟುಹೋದ.

ಪಾಪ, ವಚನವನ್ನು ತಲೆಕೆಳಗು ಮಾಡಿಕೊಂಡಿದ್ದಾನೆ ಅಂದುಕೊಂಡೆ. ಕೊಡಬೇಕಾದವನು ಕಳೆದುಕೊಂಡವನು, ತೆಗೆದುಕೊಂಡವನಲ್ಲ. ಓದು ಕಡಿಮೆ, ಇರಲಿ ಎಂದು ತಿದ್ದಲು ಹೋಗಲಿಲ್ಲ.

ಮೂರು ದಿನ ಏಣಿಯ ಮೇಲೆ ನಮ್ಮ ಮನೆಯ ಟವೆಲುಗಳು ಒಣಗಿದವು. ನಾಲ್ಕನೆಯ ದಿನ ನನ್ನ ಹೆಂಡತಿ ಸುಗುಣ ಅವನ್ನು ಎತ್ತಿಕೊಳ್ಳುತ್ತ, “ಸಾಮುವೇಲ ನೇಕಾರರ ಮನೇಲಿ ಡ್ರಮ್ಮಿನ ಮೇಲೆ ಸ್ಟೂಲ್ ಹಾಕ್ಕೊಂಡು ನಿಂತು ಸುಣ್ಣ ಹೊಡೀತಿದಾನಂತೆ. ನಿನ್ನೆ ಜಾರಿ, ಕಿಟಕಿ ಸರಳು ಸಿಕ್ಕಿದ್ದಕ್ಕೆ ಉಳಿದನಂತೆ” ಎಂದಳು.

“ತನ್ನದೊಂದು ಏಣಿ ಮಾಡಿಸಿಕೊಳ್ಳಬಹುದಲ್ಲ?”

“ಇದು ನಿಮ್ಮದೇನಾ? ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಕ್ರಿಸ್‌ಮಸ್ಸಿಗೆ ನೀವು ಅವನ ಮನೆಯಿಂದ ತರೋದು ಬಿಟ್ಟರೆ ಇಲ್ಲಿ ಏಣಿ ನೋಡಿದ್ದೇ ಮೊನ್ನೆ.”

ಇದು ಬರೀ ಬಾಯಿಮಾತಿನ ಸಾಕ್ಷಿ, ದಾಖಲೆ ತೋರಿಸುತ್ತೇನೆ ಇರು ಎಂದು ಅಟ್ಟದಿಂದ ಹಳೆಯ ಡೈರಿಗಳನ್ನು ಇಳಿಸಿದೆ. ಇಳಿಸಲು ಅದೇ ಏಣಿ ಹತ್ತಿದೆ. ಒಂದೊಂದೇ ವರ್ಷ ಹಿಂದಕ್ಕೆ ಹೋದೆ. ಕ್ಷಮೆಗಳು ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಒಂದು ಡಿಸೆಂಬರಿನ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗಿತ್ತು: ‘ನಕ್ಷತ್ರ ಕಟ್ಟಲು ಸಾಮುವೇಲನ ಏಣಿ ತಂದೆ. ನನ್ನ ಭಾರಕ್ಕೆ ಮೂರನೆಯ ಮೆಟ್ಟಿಲು ಮುರಿಯಿತು. ಹಗ್ಗ ಕಟ್ಟಿ ವಾಪಸ್ಸು ಇಟ್ಟು ಬಂದೆ. ಮುರಿದದ್ದನ್ನು ಹೇಳಲಿಲ್ಲ. ಹೇಳಬೇಕು.’

ಹಗ್ಗ ನನ್ನದು, ಗಂಟು ನನ್ನದು. ವರ್ಷ ತುಂಬುವುದರೊಳಗೆ ಏಣಿಯೂ ನನ್ನದಾಗಿತ್ತು. ಆ ಕ್ಷಣದಲ್ಲೂ ತಲೆ ಸುಮ್ಮನಿರಲಿಲ್ಲ. ಸದ್ದಿಲ್ಲದೆ ಏಣಿಯನ್ನು ಸಾಮುವೇಲನಿಗೆ ದಾನ ಕೊಟ್ಟುಬಿಟ್ಟರೆ ಅವನೂ ಬೀಳುವುದಿಲ್ಲ, ನನಗೂ ಒಳ್ಳೆಯ ಹೆಸರು ಅಂದುಕೊಳ್ಳುತ್ತಿದ್ದೆ. ಆದರೆ ಸುಗುಣ ಹೆಗಲ ಹಿಂದೆ ನಿಂತು ಪುಟವನ್ನು ಓದಿ ಮುಗಿಸಿದ್ದಳು. “ಬ್ರಷ್ಷು ಮರೀಬೇಡಿ” ಎಂದಷ್ಟೇ ಹೇಳಿದಳು.

ಏಣಿ ಹೊತ್ತು ಹೋಗಿ ಸಾಮುವೇಲನ ಜಗಲಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವನು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

“ಗೊತ್ತಿತ್ತು ಸಾ.”

“ಮೆಟ್ಟಿಲು ಮುರಿದದ್ದೂ?”

“ಗಂಟ್ ನೋಡುದ್ರೆ ಗೊತ್ತಾಗಲ್ವ ಸಾ? ಕೆಲ್ಸ ಬಲ್ಲೋನು ಅಂಗ್ ಕಟ್ಟಲ್ಲ.”

“ಮತ್ತೆ ಇಷ್ಟು ವರ್ಷ ಯಾಕಯ್ಯಾ ಹೇಳಲಿಲ್ಲ?”

“ವರ್ಸ ವರ್ಸ ಅಷ್ಟು ಪ್ರೀತಿಯಿಂದ ಕ್ಸಮಿಸ್ತಿದ್ರಿ. ಎಂಗ್ ಸಾ ಏಳದು?”

ಒಳಗಿನಿಂದ ಎಸ್ತರಮ್ಮ, “ನಾನ್ ಏಳ್ತೀನಿ ಅಂದೆ ಮೇಷ್ಟ್ರೇ, ಇವ್ರೇ ಬ್ಯಾಡ ಅಂದ್ರು. ನಾಕ್ ಜನ್ರ ಮುಂದೆ ನಮ್ ಮಾನ ಓಯ್ತಲ್ಲ, ಅದ್ನ ಯಾರ್ ತಂದ್ಕೊಡ್ತಾರೆ?” ಎಂದಳು. ಏಣಿಯನ್ನು ಹೊತ್ತು ತಂದಿದ್ದೆ. ಇದನ್ನು ಹೇಗೆ ತರುವುದು? “ಬುಡಿ ಸಾ, ಅವಳ್ ಮಾತು” ಎಂದ ಸಾಮುವೇಲ. ಬಿಡುವ ಆಸೆ ನನಗೂ ಇತ್ತು.

ಆದರೆ ಮುಂದಿನ ಶುಕ್ರವಾರ ಮನೆಪ್ರಾರ್ಥನೆ ಅವನ ಮನೆಯಲ್ಲೇ ಬಂತು. ಅದೇ ಹದಿನೈದು ಜನ. ಡೈರಿಯನ್ನು ಕೈಯಲ್ಲಿ ಹಿಡಿದು ಎದ್ದು ನಿಂತೆ. ಏಣಿ ಸಾಮುವೇಲನದು, ಮುರಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದು ಆ ಪುಟವನ್ನು ಓದಿದೆ. ಆಮೇಲೆ ಮೂಲೆಯಲ್ಲಿದ್ದ ರಾಹೇಲಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಹೇಳಿದಳು:

“ನೋಡವ್ವ, ಸಾಮುವೇಲನ್ ಮರ್ವಾದೆ ಉಳ್ಸಕ್ಕೆ ತಪ್ನೆಲ್ಲ ತನ್ ಮೇಲೇ ಆಕಂಡ್ರಲ್ಲ ಮೇಷ್ಟ್ರು! ಎಂಥಾ ಮನ್ಸು!”

ಎಲ್ಲರೂ ತಲೆದೂಗಿದರು. ಇಲ್ಲಜ್ಜೀ, ನಿಜವಾಗಿಯೂ ನನ್ನದೇ ತಪ್ಪು ಎಂದೆ. ಇನ್ನೂ ಜೋರಾಗಿ ತಲೆದೂಗಿದರು. ಎಸ್ತರಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಸಾಮುವೇಲ ಮಾತ್ರ ಬೈಬಲ್ಲಿನೊಳಗೆ ಮುಖ ಹುದುಗಿಸಿಕೊಂಡಿದ್ದ. ಅವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಎಂದು ಅಜ್ಜಿ ತಿಳಿದಳು.

ಆ ದಿನದ ಡೈರಿಯಲ್ಲಿ ‘ಏಣಿ ಸಾಮುವೇಲನದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಪುಟವನ್ನು ವಾರಕ್ಕೊಮ್ಮೆ ತೆಗೆದು ಓದುತ್ತೇನೆ. ಓದಲೇಬೇಕಾಗಿದೆ. ಯಾಕೆಂದರೆ, ಅಜ್ಜಿ ಹೇಳಿದ್ದೇ ನಿಜವಿರಬಹುದು ಎಂದು ಈಗೀಗ ನನಗೇ ನೆನಪಾಗತೊಡಗಿದೆ.