ನಿಯಮ ನಾಲ್ಕು: ನಾಯಿಗೆ ಪ್ರವೇಶವಿಲ್ಲ

ನಿಯಮ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಅಕ್ಕೂರಿನ ಸುತ್ತಮುತ್ತ ಇಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ಸುತ್ತೋಲೆ ಬರೆದ ಕೈ ಇದು. ನಮ್ಮ ಮಹಡಿಯ ಕೋಣೆಗಳನ್ನು ವಾರಾಂತ್ಯಕ್ಕೆ ಬರುವ ಬೆಂಗಳೂರಿನವರಿಗೆ ಕೊಡಲು ಶುರುಮಾಡಿದಾಗ, ಮೆಟ್ಟಿಲ ಪಕ್ಕ ಹನ್ನೊಂದು ನಿಯಮಗಳ ಬೋರ್ಡನ್ನು ನಾನೇ ಬರೆದು ನೇತುಹಾಕಿದೆ. ಒಂದನೆಯದು: 'ಅತಿಥಿಗಳು ಮನೆಯ ಯಜಮಾನರ ಮಾತಿಗೆ ಬದ್ಧರಾಗಿರತಕ್ಕದ್ದು.' ನಾಲ್ಕನೆಯದು: 'ನಾಯಿ, ಬೆಕ್ಕು ಇತ್ಯಾದಿ ಸಾಕುಪ್ರಾಣಿಗಳನ್ನು ಕರೆತರಕೂಡದು.'

ನಾಲ್ಕನೆಯದು ನನ್ನ ಹೆಂಡತಿ ಜಯಮ್ಮನದು. ಹಿತ್ತಲಲ್ಲಿ ಅವಳ ರೇಷ್ಮೆ ಹುಳು ಮನೆ ಇದೆ. ಕೈಕಾಲು ತೊಳೆಯದೆ ದೇವರೇ ಬಂದರೂ ಅವಳು ಒಳಗೆ ಬಿಡುವವಳಲ್ಲ. ಹಿಂದಿನ ಬೆಳೆ ರೋಗ ತಗುಲಿ ಪೂರ್ತಿ ಹೋಗಿತ್ತು. ಆಗ ಅವಳು ಎರಡು ದಿನ ಊಟ ಬಿಟ್ಟಿದ್ದಳು. ಈ ಸಲದ ಹುಳುಗಳು ಕೊನೆಯ ಪೊರೆ ಬಿಟ್ಟು, ಸೊಪ್ಪನ್ನು ಚರಚರ ಮೇಯುತ್ತಿದ್ದವು. ಇನ್ನು ಮೂರು ದಿನಕ್ಕೆ ಬಲಿತು ಹಣ್ಣಾಗಿ ಗೂಡು ಕಟ್ಟಬೇಕು. ಅಷ್ಟರಲ್ಲಿ ಕಬ್ಬಾಳಿನಲ್ಲಿ ಅವಳ ತಮ್ಮನ ಮಗಳ ಮದುವೆ ಬಂತು.

"ಹುಳ ಬುಟ್ಟು ನಾನೆಲ್ಲೂ ಹೋಗಾಕಿಲ್ಲ ಕಣ್ರೀ" ಎಂದಳು.

"ಒಂದ್ ದಿನ ಸೊಪ್ಪು ಹಾಕಕ್ಕೆ ನಂಗ್ ಬರಾಕಿಲ್ವಾ? ಹೋಗ್ಬುಟ್ಟು ಬಾ!"

"ಯಾರ್ನೂ ಒಳಗ್ ಬುಡ್ಬೇಡಿ. ನೀವೂ ಕೈಕಾಲ್ ತೊಳ್ಕೊಂಡೇ ಹೋಗಿ" ಎಂದು ಬಸ್ಸಿನ ಕಿಟಕಿಯಿಂದಲೂ ಹೇಳಿದಳು. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹುಳುಗಳನ್ನು ನನ್ನ ಕೈಗೆ ಒಪ್ಪಿಸಿದ್ದು ಅದೇ ಮೊದಲು.

ಹತ್ತು ಗಂಟೆಗೆ ಅತಿಥಿಗಳು ಬಂದರು. ಗಂಡ, ಹೆಂಡತಿ, ಒಂದು ದೊಡ್ಡ ಬ್ಯಾಗು. ಬ್ಯಾಗು ಬೊಗಳಿತು! ನಾನು ಗಂಭೀರವಾಗಿ ಬೋರ್ಡಿನ ಕಡೆ ಬೆರಳು ತೋರಿಸಿದೆ.

"ಅಂಕಲ್, ಚೀಕು ನಾಯಿ ಅಲ್ಲ, ನಮ್ಮ ಮಗು" ಎಂದಳು ಆ ಹುಡುಗಿ.

ನಿಯಮಾವಳಿಯಲ್ಲಿ ಮಗುವಿನ ಬಗ್ಗೆ ಏನೂ ಇರಲಿಲ್ಲ. ಅದೂ ಅಲ್ಲದೆ, ಅತಿಥಿಗಳು ಹೋಗುವಾಗ ಫೋನಿನಲ್ಲಿ ಕೊಡುವ ಐದು ನಕ್ಷತ್ರಗಳ ಮೇಲೆ ನನಗೆ ಕೆಟ್ಟ ವ್ಯಾಮೋಹ. ಜಯಮ್ಮ ಬರುವುದು ಸಂಜೆಗೆ ತಾನೆ? 'ವಿಶೇಷ ಪ್ರಕರಣವೆಂದು ಪರಿಗಣಿಸಿ' ಚೀಕುವನ್ನು ಮಹಡಿಯಲ್ಲೇ ಇಟ್ಟುಕೊಳ್ಳಲು ಅನುಮತಿ ನೀಡಿದೆ.

ಹನ್ನೊಂದು ಗಂಟೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು, ಜಗುಲಿಯಲ್ಲಿ ಒದ್ದೆ ಗೋಣಿಯ ಮೇಲೆ ಹರಡಿ, ನೀರು ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಚೀಕು ಆ ಸೊಪ್ಪಿನ ಮೇಲೆ ನಾಲ್ಕೂ ಕಾಲೆತ್ತಿ ಹೊರಳುತ್ತಿದೆ! ಎತ್ತಿಕೊಂಡೆ. ಕೈಗೆಲ್ಲ ಬಿಳಿ ಪುಡಿ ಮೆತ್ತಿತು. ಅದನ್ನು ಹುಡುಕುತ್ತಾ ಮಹಡಿ ಇಳಿದುಬಂದ ಹುಡುಗಿಯನ್ನು ಕೇಳಿದೆ.

"ಏನಮ್ಮಾ ಇದು?"

"ಉಣ್ಣೆ, ಚಿಗಟ ಆಗಬಾರದು ಅಂತ ಬೆಳಿಗ್ಗೆ ತಾನೇ ಔಷಧಿ ಪೌಡರ್ ಹಾಕಿದೀವಿ. ತುಂಬಾ ಕ್ಲೀನ್ ಇದಾನೆ ಅಂಕಲ್!"

ನನಗೆ ಸಮಾಧಾನವಾಯಿತು. ಹುಳು ಸಾಕುವ ಮನೆಯಲ್ಲಿ ಶುದ್ಧಿ ಎಂದರೆ ಔಷಧಿಯೇ. ಗೋಡೆಗೆ ಔಷಧಿ, ತಟ್ಟೆಗೆ ಔಷಧಿ, ಕಾಲು ತೊಳೆಯುವ ನೀರಿಗೂ ಬ್ಲೀಚಿಂಗ್ ಪುಡಿ. ಔಷಧಿ ಹಾಕಿದ ನಾಯಿ, ಔಷಧಿ ಹಾಕದ ನನಗಿಂತ ಶುದ್ಧ ಎಂದು ತೀರ್ಮಾನಿಸಿದೆ. ಉಣ್ಣೆ ಸಾಯುವ ಪುಡಿಗೆ ರೇಷ್ಮೆ ಹುಳುವೂ ಸಾಯುತ್ತದೆ ಎಂಬ ಸಣ್ಣ ವಿಷಯ ಹೊಳೆಯಲಿಲ್ಲ. ಸೊಪ್ಪನ್ನು ಕೊಡವಿ, ನಿಯಮದಂತೆ ಕೈಕಾಲು ತೊಳೆದು, ತಟ್ಟೆ ತಟ್ಟೆಗೂ ಪ್ರೀತಿಯಿಂದ ಬಡಿಸಿದೆ.

ಮಧ್ಯಾಹ್ನ ಹೋಗಿ ನೋಡಿದೆ. ಹುಳುಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಹಣ್ಣಾದ ಹುಳು ಗೂಡು ಕಟ್ಟಲು ಜಾಗ ಹುಡುಕುವಾಗ ಹೀಗೆಯೇ ತಲೆ ಎತ್ತುತ್ತದೆ ಎಂದು ಜಯಮ್ಮ ಹೇಳಿದ್ದು ನೆನಪಾಯಿತು. ಮೂರು ದಿನ ಮುಂಚೆಯೇ! ನನ್ನ ಕೈಗುಣವೇ ಗುಣ! ಮದುವೆ ಮನೆಗೆ ಫೋನು ಮಾಡಿದೆ.

"ಹುಳ ಹಣ್ಣಾದೋ ಕಣೇ!"

"ಇಷ್ಟ್ ಬೇಗನಾ? ಸರ್ಯಾಗ್ ನೋಡುದ್ರಾ?"

"ನೋಡ್ಕೊಂಡಿರೋನ್ ನಾನು ಕಣೇ!"

ಅವಳು ನಕ್ಕಳು. 'ನಮ್ಮೆಜಮಾನ್ರು ನೋಡ್ಕೊಂಡು ಹುಳ ಬೇಗ ಹಣ್ಣಾಗೈತಂತೆ' ಎಂದು ಪಂಕ್ತಿಯಲ್ಲಿ ಕೂತವರಿಗೆಲ್ಲ ಹೇಳುವುದು ಫೋನಿನಲ್ಲೇ ಕೇಳಿಸಿತು. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ, ಇರಬಾರದಿತ್ತು.

ನಾನು ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರ ತಟ್ಟಿಗಳನ್ನು ಇಳಿಸಿ, ಒಂದೊಂದೇ ಹುಳುವನ್ನು ಆರಿಸಿ ಅವುಗಳ ಮೇಲೆ ಬಿಟ್ಟೆ. ಬಿಟ್ಟವು ಬಿಟ್ಟಂತೆಯೇ ಜಾರಿ ಬಿದ್ದವು. ಸುಸ್ತಾಗಿರಬೇಕು ಎಂದುಕೊಂಡು ಮತ್ತೆ ಎತ್ತಿ ಇಟ್ಟೆ!

ಜಯಮ್ಮ ಮಧ್ಯಾಹ್ನದ ಬಸ್ಸನ್ನೇ ಹಿಡಿದು ಓಡಿಬಂದಳು. ಮದುವೆ ಸೀರೆಯಲ್ಲೇ ಕೈಕಾಲು ತೊಳೆದು ಒಳಗೆ ಹೋದಳು. ತಟ್ಟೆ ತಟ್ಟೆಯನ್ನೂ ಬಗ್ಗಿ ನೋಡಿದಳು. ಆಮೇಲೆ ಹೊರಬಂದಳು. ಕೈಯಲ್ಲಿ ಒಂದು ಸೊಪ್ಪು, ಸೊಪ್ಪಿನ ಮೇಲೆ ನಾಯಿಯ ಕೂದಲು.

"ಹಣ್ಣಾಗಿಲ್ಲ ಕಣ್ರೀ. ವಾಂತಿ ಮಾಡ್ಕಂಡು ಸಾಯ್ತಾವೆ."

ನಾನು ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನಾನೂ ಬದುಕಿಕೊಳ್ಳುತ್ತಿದ್ದೆ. ಅತಿಥಿ ಹುಡುಗಿ ಅಳುತ್ತಾ ಕೆಳಗೆ ಬಂದು, "ಸಾರಿ ಆಂಟಿ, ಚೀಕುದೇ ತಪ್ಪು" ಎಂದಳು.

"ಅದೇನ್ ಮಾಡ್ತದವ್ವಾ, ಓದಕ್ ಬರಾಕಿಲ್ಲ ಅದಕ್ಕೆ" ಎಂದ ಜಯಮ್ಮ ನನ್ನ ಕಡೆ ಒಮ್ಮೆ ನೋಡಿ, ಚೀಕುವಿಗೆ ಒಂದು ಬಟ್ಟಲು ಹಾಲು ತಂದಿಟ್ಟಳು. ನನಗೆ ಕಾಫಿ ಕೊಡಲಿಲ್ಲ.

ಮಾರನೆಯ ದಿನ ಸತ್ತ ಹುಳುಗಳನ್ನು ತೋಟದಾಚೆ ಗುಂಡಿ ತೆಗೆದು ಮುಚ್ಚಿದೆ. ಇಡೀ ಹುಳು ಮನೆಯಲ್ಲಿ ಬದುಕಿ ಉಳಿದದ್ದು ಒಂದೇ ತಟ್ಟೆ, ಮೂಲೆಯಲ್ಲಿದ್ದದ್ದು. ಅದಕ್ಕೆ ಸೊಪ್ಪು ಹಾಕಲು ನಾನು ಮರೆತಿದ್ದೆ!

ಅತಿಥಿಗಳು ಐದು ನಕ್ಷತ್ರ ಕೊಟ್ಟಿದ್ದರು. 'ನಾಯಿಯನ್ನು ಮೊಮ್ಮಗುವಿನಂತೆ ನೋಡಿಕೊಳ್ಳುವ ಅಂಕಲ್' ಎಂದು ಬರೆದಿದ್ದರು. ಓದಿ ಹೇಳಲು ಹೋದೆ. ಜಯಮ್ಮ ಆ ಒಂದು ತಟ್ಟೆಯ ಮುಂದೆ ಕೂತು ಸೊಪ್ಪು ಹಾಕುತ್ತಿದ್ದಳು. ಹೊಸ್ತಿಲಿನಲ್ಲೇ ನಿಂತು ಫೋನನ್ನು ಜೇಬಿಗೆ ಹಾಕಿಕೊಂಡೆ.

"ಬೋರ್ಡ್‌ಗೆ ಇನ್ನೊಂದು ಬರೀರಿ" ಎಂದಳು, ತಲೆ ಎತ್ತದೆ.

ಬರೆದೆ: 'ಮನೆಯ ಯಜಮಾನರಿಗೆ ಹುಳು ಮನೆಯೊಳಗೆ ಪ್ರವೇಶವಿಲ್ಲ.' ಬೋರ್ಡಿನಲ್ಲಿ ಜಾಗವಿರಲಿಲ್ಲ. ಒಂದನೆಯ ನಿಯಮವನ್ನು ಅಳಿಸಬೇಕಾಯಿತು.