ಸ್ವೀಡನ್ನಿನ ಪೋಸ್ಟರೂ ನನ್ನ ಬಾಯಿಯೂ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಇದನ್ನು ನಾನು ಸರಿಯಾಗಿ ಹೇಳಲಾರೆ. ಇದುವರೆಗೆ ಬರೆದದ್ದು ಲ್ಯಾಬ್ ರಿಪೋರ್ಟ್ ಮಾತ್ರ. ಅದನ್ನು ಓದಿ ಯಾರಾದರೂ ನಕ್ಕರೆ ಏನೋ ತಪ್ಪಾಗಿದೆ ಎಂದೇ ಅರ್ಥ. ಆದರೆ ಅಮೆರಿಕದ ಜರ್ಮನ್‌ಟೌನ್‌ನ ನಮ್ಮ ಮನೆಗೆ ಆ ಪೋಸ್ಟರ್ ಬಂದ ಮೇಲೆ ನಗು ಬರುವಂಥವೇ ನಡೆಯುತ್ತಿವೆ, ಯಾರಿಗಾದರೂ ಹೇಳಲೇಬೇಕು.

ಪೋಸ್ಟರ್ ಯಾವುದು ಎಂದು ವಿವರಿಸಬೇಕಲ್ಲ. 2004ರಲ್ಲಿ ಪಕ್ಕದ ಬೀದಿಯಲ್ಲಿ ಎಸ್ಟೇಟ್ ಸೇಲ್ ಇತ್ತು. ಎಸ್ಟೇಟ್ ಎಂದರೆ ಕಾಫಿ ತೋಟವಲ್ಲ, ಮನೆಯವರು ತೀರಿಕೊಂಡ ಮೇಲೆ ಒಳಗಿನ ಸಾಮಾನು ಮಾರುವುದು. ಪುಸ್ತಕದ ಶೆಲ್ಫ್ ತರಲು ಹೋದವನು ಮೂಕಿ ಕಾಮಿಡಿ ಚಿತ್ರವೊಂದರ ಸ್ವೀಡಿಷ್ ಪೋಸ್ಟರ್ ತಂದೆ. ನನ್ನ ಮಗಳಷ್ಟು ಎತ್ತರ. ಕೆಂಪು ಹಿನ್ನೆಲೆ, ಹಳದಿ ಏಣಿ, ಏಣಿಯ ಮೇಲೆ ಗುಂಡಗಿನ ಮನುಷ್ಯ, ಪೊದೆ ಮೀಸೆ, ಹೊರಗೆ ಬಿದ್ದೇ ಬಿಡುತ್ತವೆ ಎನ್ನುವಂಥ ಎರಡು ಕಣ್ಣು. ಕೈಯ ಬಣ್ಣದ ಡಬ್ಬಿ ಪೊಲೀಸಿನವನ ತಲೆಯ ಮೇಲೆ. ಸಿನಿಮಾ ಅಮೆರಿಕದ್ದು, ಆದರೆ ಚಿತ್ರ ಬರೆದವನು ಸ್ವೀಡನ್ನಿನವನು. ಆಗ ಅಲ್ಲಿನ ಥಿಯೇಟರುಗಳಿಗೆ ಅಲ್ಲಿನ ಕಲಾವಿದರೇ ಬೇರೆ ಪೋಸ್ಟರ್ ಬರೆಯುತ್ತಿದ್ದರು, ಆಮೇಲೆ ಅದನ್ನು ಕಲ್ಲಿನ ಮೇಲೆ...

"ಶುರುವಾಯ್ತು," ಎಂದಳು ನನ್ನ ಹೆಂಡತಿ, ಅಂದೂ ಇಷ್ಟಕ್ಕೇ ತಡೆದು. "ನೋಡಿ, ಯುಗಾದಿಯೊಳಗೆ ಬಂದವರಲ್ಲಿ ಒಬ್ಬರಾದ್ರೂ ತಾವಾಗೇ 'ಚೆನ್ನಾಗಿದೆ' ಅಂದ್ರೆ ಗೋಡೆ ಮೇಲಿರಲಿ. ಇಲ್ಲಾಂದ್ರೆ ಬೇಸ್‌ಮೆಂಟಿಗೆ. ನೀವು ಮಾತ್ರ ಬಾಯಿ ಬಿಡಬಾರದು."

ನಮ್ಮ ಬೇಸ್‌ಮೆಂಟಿನಲ್ಲಿ ನೀರು ಜಿನುಗುತ್ತದೆ. ಅಲ್ಲಿಗಿಳಿದ ಕಾಗದ ಒಂದೇ ಬೇಸಿಗೆಯಲ್ಲಿ ಬೂಷ್ಟು ಹಿಡಿದು ಹೋಗುತ್ತದೆ.

"ಅಪ್ಪ, ಇಟ್ಸ್ ಎ ಸೈಲೆಂಟ್ ಫಿಲ್ಮ್," ಎಂದಳು ಮಗಳು. "ಯು ಬಿ ಸೈಲೆಂಟ್ ಟೂ."

ಡಾಕ್ಟರು ನೋಡಿದ್ದು

ದೀಪಾವಳಿ ಊಟಕ್ಕೆ ಧಾರವಾಡದ ಕಡೆಯ ಡಾಕ್ಟರೊಬ್ಬರು ಬಂದರು. ಒಳಗೆ ಬಂದವರೇ ಪೋಸ್ಟರಿನ ಮುಂದೆ ನಿಂತುಬಿಟ್ಟರು. ಹತ್ತಿರ ಹೋದರು, ಹಿಂದೆ ಸರಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಕಲೆ ಬಲ್ಲವರು ಹೀಗೇ ನೋಡುತ್ತಾರೆ ಎಂದು ನಾನು ಹೆಂಡತಿಯ ಕಡೆ ಗೆದ್ದವನ ನಗೆ ನಕ್ಕೆ.

ಡಾಕ್ಟರು ತಿರುಗಿ ಹೇಳಿದರು: "ಈ ಮನಷ್ಯಾಗ ಥೈರಾಯ್ಡ್ ಅದರೀ. ಕಣ್ಣು ನೋಡ್ರಿ, ಹೆಂಗ ಹೊರಗ ಬಂದಾವ!"

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಅವರು ಸತ್ತು ಎಷ್ಟೋ ವರ್ಷ ಆಯ್ತು."

"ನೋಡ್ರಿ ಮತ್ತ," ಎಂದರು ಡಾಕ್ಟರು. "ಟ್ರೀಟ್‌ಮೆಂಟ್ ತಗೊಂಡಿಲ್ಲ."

ಷಾರ್ಲೆಟ್‌ನಿಂದ ಬಂದವರು

ಸಂಕ್ರಾಂತಿಯ ವಾರ ನನ್ನ ಹಳೆಯ ಸಹಪಾಠಿ ಷಾರ್ಲೆಟ್‌ನಿಂದ ಒಬ್ಬನೇ ಡ್ರೈವ್ ಮಾಡಿಕೊಂಡು ಬಂದ. ಏಳು ಗಂಟೆಯ ದಾರಿ, ಆಚೆ ಮಂಜು. ಎಲ್ಲೂ ನಿಲ್ಲಿಸದೆ ಬಂದಿದ್ದ. (ಈ ವಿವರ ಮುಖ್ಯ, ದಯವಿಟ್ಟು ನೆನಪಿಡಿ.) ಕೋಟು ಬಿಚ್ಚುವ ಮೊದಲೇ ಪೋಸ್ಟರಿನತ್ತ ಬೆರಳು ತೋರಿಸಿ, "ಲೋ, ಈ ಚಿತ್ರದ..." ಎಂದ.

ಮೂರು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ತಾನಾಗಿಯೇ ಕೇಳಿದ ಮೇಲೆ ಇನ್ನೇನು? ಸ್ವೀಡನ್ನಿನಿಂದ ಶುರುಮಾಡಿ ಕಲ್ಲು, ಶಾಯಿ, ಕಾಗದ ಎಲ್ಲ ಹೇಳಿದೆ. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, ತುಟಿ ಕಚ್ಚಿಕೊಂಡು ಕೇಳಿದ. ಕಣ್ಣಲ್ಲಿ ನೀರೂ ಬಂತು. ಇಷ್ಟು ಮನಸ್ಸಿಗೆ ತಟ್ಟಿತಲ್ಲ ಎಂದು ಹಿಗ್ಗಿ, ಪೊಲೀಸಿನವನ ಟೋಪಿಯ ಬಗ್ಗೆಯೂ ಹೇಳಿದೆ. ಇಪ್ಪತ್ತು ನಿಮಿಷವಾಗಿರಬಹುದು.

"ಅವರು 'ಚೆನ್ನಾಗಿದೆ' ಅನ್ನಲೇ ಇಲ್ಲ," ಎಂದಳು ಹೆಂಡತಿ ಅವನು ಹೊರಟ ಮೇಲೆ.

"ಅನ್ನುವುದರಲ್ಲಿದ್ದ, ನಾನೇ ಬಿಡಲಿಲ್ಲ." ಹಟಕ್ಕೆ ಬಿದ್ದು ಷಾರ್ಲೆಟ್‌ಗೆ ಫೋನ್ ಮಾಡಿ, ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. "ಅವತ್ತು 'ಈ ಚಿತ್ರದ' ಅಂದೆಯಲ್ಲ, ಮುಂದೆ ಏನು ಹೇಳೋಕೆ ಹೊರಟಿದ್ದೆ?"

"'ಈ ಚಿತ್ರದ ಪಕ್ಕದ ಬಾಗಿಲು ಬಾತ್‌ರೂಮಾ' ಅಂತ ಕಣೋ!"

ಆಂಟಿ ಹೇಳಿದ್ದು

ಯುಗಾದಿಗೆ ಎರಡು ದಿನ ಉಳಿದಿತ್ತು. ಹೆಂಡತಿ ಬೇಸ್‌ಮೆಂಟಿನಲ್ಲಿ ಜಾಗ ಮಾಡಿದ್ದಳು. ಆ ಸಂಜೆ ಎದುರುಮನೆಯವರ ತಾಯಿ ಬಂದರು. ಉಡುಪಿಯಿಂದ ಮಗಳನ್ನು ನೋಡಲು ಬಂದಿದ್ದ ಹಿರಿಯ ಆಂಟಿ. ಹೊಸ್ತಿಲು ದಾಟಿದವರೇ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಹೋ! ಎಷ್ಟು ಚಂದ ಉಂಟು ಮಾರಾಯ್ರೇ!"

ತಾವಾಗಿಯೇ! ನಾನು ಬಾಯಿ ಬಿಡದೆ! ಹೆಂಡತಿಯ ಕೈಯ ತಟ್ಟೆ ಅಲ್ಲೇ ನಿಂತಿತು.

"ಇಷ್ಟು ಒಳ್ಳೆ ದೃಷ್ಟಿ ಬೊಂಬೆ ನಾನು ಊರಲ್ಲೂ ನೋಡ್ಲಿಲ್ಲ," ಎಂದರು ಆಂಟಿ. "ಎಂಥಾ ಕಣ್ಣು, ಎಂಥಾ ಮೀಸೆ! ಆದ್ರೆ ಪಕ್ಕದ ಗೋಡೆಗೆ ಯಾಕೆ ಹಾಕಿದ್ದು? ಬಾಗಿಲಿಗೆ ಎದುರು ಇರ್ಬೇಕಲ್ವಾ?"

ಹೊಸ ಮನೆಗೆ ಕೆಟ್ಟ ಕಣ್ಣು ಬೀಳದಿರಲಿ ಎಂದು ಕಟ್ಟುವ ಆ ಭಯಂಕರ ಮುಖಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು, ಅದು ನಾಲಗೆಯ ತುದಿಯವರೆಗೂ ಬಂತು. ಹೇಳಿದರೆ ಪೋಸ್ಟರು ಬೇಸ್‌ಮೆಂಟಿಗೆ. ಜೀವನದಲ್ಲಿ ಮೊದಲ ಬಾರಿಗೆ ನುಂಗಿಕೊಂಡೆ.

"ಎಲ್ಲಿಂದ ತಂದದ್ದು?"

"ಸ್ವೀಡನ್ನಿಂದು ಆಂಟಿ."

"ಅಲ್ಲಿ ಸಹ ದೃಷ್ಟಿ ತಾಗ್ತದಾ?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ತಾಗ್ತದೆ ಆಂಟಿ," ಎಂದೆ. "ಬೆಳ್ಳಗಿರೋ ಜನ, ಬೇಗ ತಾಗ್ತದೆ."

ಅದೇ ವಾರ ನನ್ನ ಹೆಂಡತಿಗೆ ಎರಡು ವರ್ಷದಿಂದ ಸಿಗದಿದ್ದ ಕೆಲಸ ಸಿಕ್ಕಿತು. ಪೋಸ್ಟರನ್ನು ಅವಳೇ ಬಾಗಿಲಿನ ಎದುರಿಗೆ ಬದಲಾಯಿಸಿದಳು. ಈಗ ಧೂಳು ಒರೆಸಲೂ ನನ್ನನ್ನು ಮುಟ್ಟಗೊಡುವುದಿಲ್ಲ. ಸುದ್ದಿ ಹಬ್ಬಿದೆ. ಇವತ್ತು ಮಾರಿಸ್‌ವಿಲ್‌ನಿಂದ ಒಂದು ಕುಟುಂಬ ತಮ್ಮ ಗೃಹಪ್ರವೇಶಕ್ಕೆ ಇದರದ್ದೇ ಕಲರ್ ಕಾಪಿ ಬೇಕೆಂದು ಬರುವವರಿದ್ದಾರೆ.

ಅವರಿಗೆ ಹೇಳುವಂತಿಲ್ಲ, ನಿಮಗಾದರೂ ಹೇಳುತ್ತೇನೆ. ಆ ಕಲ್ಲಿನ ವಿಷಯ ಅರ್ಧಕ್ಕೇ ನಿಂತಿತ್ತಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆಯುತ್ತಾರೆ, ತಲೆಕೆಳಗಾಗಿ ಅಲ್ಲ, ಕನ್ನಡಿಯಲ್ಲಿ ಕಂಡ ಹಾಗೆ. ಕಾಗದಕ್ಕೆ ಮೊದಲು ಹಳದಿ ಕಲ್ಲು ಒತ್ತುತ್ತಾರೆ, ಅದು ಒಣಗಿದ ಮೇಲೆ ಕೆಂಪು. ಬಾಗಿಲಿಗೆ ಯಾರೋ ಬಂದರು. ಹೆಂಡತಿಯ ದನಿ ಕೇಳುತ್ತಿದೆ: "ಸ್ವೀಡನ್‌ನಲ್ಲಿ ಮನೆಮನೆಗೂ ಇದನ್ನೇ ಹಾಕ್ತಾರಂತೆ! ರೀ, ಬನ್ನಿ ಇಲ್ಲಿ! ಪೋಸ್ಟರ್ ನಾನೇ ಇಳಿಸ್ತೀನಿ, ನೀವು ಏಣಿ ಹಿಡ್ಕೊಳ್ಳಿ, ಬಾಯಿ ಮಾತ್ರ ಬಿಡಬೇಡಿ!" ಬಂದೆ, ಬಂದೆ. ಕಪ್ಪು ಬಣ್ಣವನ್ನು ಕೊನೆಯಲ್ಲೇ ಯಾಕೆ ಹಾಕುತ್ತಾರೆ ಎಂದರೆ,