ಗಿಟಾರಿಗೆ ಬಲ ಬಂದ ದಿನ

ಈ ರಾಮಾಯಣಕ್ಕೆಲ್ಲ ಕಾರಣ ಚಿಂತಾಮಣಿಯ ಮದುವೆಮನೆಯೊಂದರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ. ಆರ್ಕೆಸ್ಟ್ರಾದವರ ಹಾಡು ಮುಗಿದು ಜನ ಚಪ್ಪಾಳೆ ತಟ್ಟುತ್ತಿದ್ದಾಗ ಆಕೆ ವೇದಿಕೆಯತ್ತ ಬೆರಳು ಮಾಡಿ, "ಎಲ್ಲಾ ಸರಿ ಕಣಮ್ಮ, ಆ ಕೆಂಪು ಷರ್ಟಿನೋನು ಆಗ್ಲಿಂದ ಯಾಕೆ ಹೊಟ್ಟೆ ಕೆರ್ಕೊಂತಾ ನಿಂತವ್ನೆ?" ಎಂದು ಗಟ್ಟಿಯಾಗಿ ಕೇಳಿಬಿಟ್ಟಿದ್ದಳು.

ಕೆಂಪು ಷರ್ಟಿನವನು ನಮ್ಮ ಶಿಡ್ಲಘಟ್ಟದ ವಾಸಿಫ್. ಅವನು ಕೆರೆದುಕೊಳ್ಳುತ್ತಿರಲಿಲ್ಲ, ಪಾಪ, ಗಿಟಾರ್ ನುಡಿಸುತ್ತಿದ್ದ. ಹಗಲು ರೇಷ್ಮೆ ನೂಲಿನ ಅಂಗಡಿ, ಸಂಜೆ ರಮೇಶ್‌ಬಾಬು ಅವರ ಆರ್ಕೆಸ್ಟ್ರಾ. ಅಂಗಡಿ ಹೊಟ್ಟೆಪಾಡಿಗೆ, ಗಿಟಾರು ಪ್ರಾಣಕ್ಕೆ. ಆದರೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಆ ಗಿಟಾರಿನ ದನಿ ಮೊದಲಿನಿಂದಲೂ ಕ್ಷೀಣ. ಸೌಂಡ್ ಹೆಚ್ಚಿಸಿದರೆ ಗುಂಯ್ ಎನ್ನುವ ಸದ್ದಷ್ಟೇ ಹೆಚ್ಚುತ್ತಿತ್ತು. ಡ್ರಮ್ಮು ಕೀಬೋರ್ಡುಗಳ ಅಬ್ಬರದಲ್ಲಿ ಅದು ಇಷ್ಟು ವರ್ಷ ಯಾರ ಕಿವಿಗೂ ಬಿದ್ದಿರಲಿಲ್ಲ.

ಅಜ್ಜಿಯ ಮಾತಿಗೆ ಇಡೀ ಛತ್ರ ನಕ್ಕಿತು. ರಮೇಶ್‌ಬಾಬು ನಗಲಿಲ್ಲ. ಮುಂದಿನ ಪ್ರೋಗ್ರಾಮಿನ ದಿನ ಬೆಳಿಗ್ಗೆಯೇ ಫೋನು ಬಂತು.

"ನೋಡಪ್ಪ ವಾಸಿಫ್, ಇವತ್ತು ಸಾಯಂಕಾಲ ಚಿಕ್ಕಬಳ್ಳಾಪುರದಲ್ಲಿ ರಿಸೆಪ್ಷನ್. ನಿನ್ನ ಗಿಟಾರ್ ಕೊನೇ ಸಾಲಿನೋರ್ಗೂ ಕೇಳಿಸ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ನೂಲು ನೋಡ್ಕೋ, ನಾನು ಬೇರೆಯವ್ರನ್ನ ನೋಡ್ಕೋತೀನಿ."

"ಕೇಳ್ಸುತ್ತೆ ಸಾರ್! ಇವತ್ತು ಹೆಂಗೆ ಕೇಳ್ಸುತ್ತೆ ಅಂತ ನೋಡ್ತಿರಿ!"

ವಾಸಿಫ್ ಹೀಗೆ ಎದೆ ತಟ್ಟಿ ಹೇಳುವುದಕ್ಕೆ ಕಾರಣವಿತ್ತು. ರೋಗ ಎಲ್ಲಿದೆ ಎನ್ನುವುದನ್ನು ಅವನು ಮೊಬೈಲಿನಲ್ಲಿ ವೀಡಿಯೊ ನೋಡಿ ನೋಡಿ ಪತ್ತೆ ಹಚ್ಚಿದ್ದ. ತಂತಿಗಳ ಕೆಳಗೆ ಪಿಕಪ್ ಎಂಬ ಪೆಟ್ಟಿಗೆ ಇರುತ್ತದೆ, ಅದರೊಳಗೆ ಬೆರಳುದ್ದದ ಮ್ಯಾಗ್ನೆಟ್. ತಂತಿಯ ದನಿ ಹಿಡಿಯುವುದೇ ಅದು. ಅವನ ಗಿಟಾರಿನ ಮ್ಯಾಗ್ನೆಟ್ ಒಂದು ಸೇಫ್ಟಿ ಪಿನ್ನನ್ನೂ ಎತ್ತಲಾರದಷ್ಟು ಸಪ್ಪೆಯಾಗಿತ್ತು. ಅದಕ್ಕೆ ಮತ್ತೆ ಬಲ ತುಂಬಬೇಕು. ತುಂಬುವ ಯಂತ್ರವನ್ನು ಮನೆಯಲ್ಲೇ ಮಾಡಬಹುದು!

ಗುಜರಿ ಅಂಗಡಿಯಲ್ಲಿ ಯಾವುದೋ ಕಾರ್ಖಾನೆಯ ಹಾಳಾದ ಮೋಟರಿನಿಂದ ಬಿಚ್ಚಿದ ಎರಡು ಮ್ಯಾಗ್ನೆಟ್ಟುಗಳನ್ನು ಅವನು ಆಗಲೇ ತಂದಿಟ್ಟಿದ್ದ. ನೋಡಲು ಸೋಪಿನ ಬಿಲ್ಲೆಯಷ್ಟೇ, ಬಲದಲ್ಲಿ ರಾಕ್ಷಸರು. ಅವೆರಡನ್ನೂ ಕಬ್ಬಿಣ ಬಿಗಿಹಿಡಿಯುವ ಬೆಂಚ್ ವೈಸಿನ ಎರಡು ದವಡೆಗೆ ಎದುರುಬದುರು ಕೂರಿಸಿ, ನಡುವೆ ಕಿರಿದಾದ ಸಂದು ಬಿಟ್ಟು, ಆ ಸಂದಿನಲ್ಲಿ ಸಪ್ಪೆ ಮ್ಯಾಗ್ನೆಟ್ಟನ್ನು ತೂರಿಸಿ ತೆಗೆದರೆ ಸಾಕು. ಬಲ ತಾನಾಗಿ ತುಂಬಿಕೊಳ್ಳುತ್ತದೆ.

ಅಂಗಡಿಗೆ ರಜ ಹೇಳಿ ಜಗಲಿಯ ಮೇಲೆ ವೈಸ್ ಬಿಗಿದ. ಒಂದು ಮ್ಯಾಗ್ನೆಟ್ ಸುಲಭವಾಗಿ ಕೂತಿತು. ಅಡುಗೆಮನೆಯಲ್ಲಿಟ್ಟಿದ್ದ ಇನ್ನೊಂದನ್ನು ತರಲು ಹೋದರೆ ಅಲ್ಲಿ ಅವನ ಹೆಂಡತಿ ನೌರೀನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಜೀ, ಇದೇನು ನನ್ನ ತವಾಗೆ ಮೆತ್ಕೊಂಡಿರೋದು?"

ತೊಳೆದು ಕವುಚಿದ್ದ ಕಬ್ಬಿಣದ ತವಾದ ನಟ್ಟನಡುವೆ ಮ್ಯಾಗ್ನೆಟ್ ಹಾಯಾಗಿ ಕೂತಿತ್ತು. ವಾಸಿಫ್ ಎಳೆದ. ನೌರೀನ್ ಎಳೆದಳು. ಅವನು ತವಾ ಹಿಡಿದ, ಅವಳು ಅವನನ್ನು ಹಿಡಿದಳು, ಇಬ್ಬರೂ ಹಿಂದಕ್ಕೆ ಬಿದ್ದರೂ ಮ್ಯಾಗ್ನೆಟ್ ಅಲುಗಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯ ಅಕ್ಕಯ್ಯಮ್ಮ ಬಂದರು. ಬೀದಿಯಲ್ಲಿ ಎಲ್ಲೇ ಏನೇ ಬಿದ್ದರೂ ಮೊದಲು ಬರುವವರು ಅವರೇ. "ಏಮಿ ನಾಯ್ನಾ, ಬೆಳಬೆಳಿಗ್ಗೆನೇ ಗಂಡ ಹೆಂಡ್ತಿ ಕುಸ್ತಿ?" ಎನ್ನುತ್ತಾ ತವಾವನ್ನು ತೊಡೆಯ ಮೇಲಿಟ್ಟುಕೊಂಡು, ಮ್ಯಾಗ್ನೆಟ್ಟನ್ನು ಅಂಗೈಯಿಂದ ಅಂಚಿನ ಕಡೆಗೆ ಜಾರಿಸಿಯೇ ಬಿಟ್ಟರು. ಅದು ತವಾ ಬಿಟ್ಟು ಅವರ ಮೊಣಕಾಲಿನ ಮೇಲೆ ಬಿತ್ತು. ಅಕ್ಕಯ್ಯಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು.

"ಅಯ್ಯೋ ದೇವರೇ! ಮಂಡಿ ನೋವು ಜುಮ್ ಅಂತ ಇಳೀತಲ್ಲೋ!"

"ಅಕ್ಕಯ್ಯಮ್ಮಾರೆ, ಅದು ಗಿಟಾರಿಗೆ..."

"ಟೀವೀಲಿ ತೋರಿಸ್ತಾರಲ್ಲ, ಮ್ಯಾಗ್ನೆಟ್ ಪಟ್ಟಿ, ಅದೇ ಇದು. ಇಂಥಾದ್ದನ್ನ ಮನೇಲಿಟ್ಕೊಂಡು ನಮ್ಗೆ ಹೇಳ್ಲೇ ಇಲ್ವಲ್ಲಪ್ಪಾ ನೀನು?"

ಅವರು ಹೊರಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ಬೀದಿಯ ಮಂಡಿಗಳೆಲ್ಲ ವಾಸಿಫನ ಜಗಲಿಗೆ ಬಂದವು. ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಸೊಂಟ, ರೇಷ್ಮೆ ಬಿಚ್ಚುವ ಇಬ್ಬರಿಗೆ ಹೆಬ್ಬೆರಳು. ವಾಸಿಫ್ ಗಡಿಯಾರ ನೋಡುತ್ತಾನೆ, ಮ್ಯಾಗ್ನೆಟ್ ನೋಡುತ್ತಾನೆ, ಅದು ಮಂಡಿಯಿಂದ ಮಂಡಿಗೆ ಹೋಗುತ್ತಿದೆ. ಕೊನೆಗೆ ಬೇಡಿಕೊಂಡು, ಕೈ ಮುಗಿದು, ನಾಳೆ ಎಲ್ಲರಿಗೂ ಪುಕ್ಕಟೆ ಎಂದು ಮಾತು ಕೊಟ್ಟು, ಅದನ್ನು ಕಿತ್ತುಕೊಂಡು ವೈಸಿಗೆ ಕೂರಿಸುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು.

ಅಷ್ಟರಲ್ಲಿ ಬೆನ್ನ ಹಿಂದೆ ಒಂದು ಕೆಮ್ಮು ಕೇಳಿಸಿತು. ಕರೆಂಟ್ ಮೀಟರ್ ಓದಲು ಬಂದಿದ್ದ ಚೆನ್ನರಾಯಪ್ಪ.

ಅವರು ವೈಸಿನಲ್ಲಿದ್ದ ಮ್ಯಾಗ್ನೆಟ್ ನೋಡಿದರು. ಅದರ ನೆತ್ತಿಯ ಮೇಲೆ ಗೋಡೆಯಲ್ಲಿದ್ದ ಮೀಟರ್ ನೋಡಿದರು. ಆಮೇಲೆ ವಾಸಿಫನ ಮುಖ ನೋಡಿದರು.

"ಮೀಟರ್ ನಿಲ್ಸಕ್ಕೆ ಮ್ಯಾಗ್ನೆಟ್ ಇಡೋರ್ನ ಬೇಕಾದಷ್ಟು ನೋಡಿದ್ದೀನಿ. ವೈಸ್ ಬಿಗಿದು ಇಡೋನ್ನ ಇವತ್ತೇ ನೋಡ್ತಿರೋದು. ಬಿಚ್ಚಪ್ಪ, ಆಫೀಸಿಗೆ ತಗೊಂಡ್ಹೋಗ್ತೀನಿ."

"ಸಾರ್, ಖುದಾನ ಆಣೆ, ಇದು ಗಿಟಾರಿನ ಮ್ಯಾಗ್ನೆಟ್ಟಿಗೆ ಬಲ ತುಂಬೋ ಮಿಷನ್!"

"ಮ್ಯಾಗ್ನೆಟ್ಟಿಗೆ ಮ್ಯಾಗ್ನೆಟ್ ಯಾಕಪ್ಪ? ನೀರಿಗೆ ಯಾರಾದ್ರೂ ನೀರು ಹಾಕ್ತಾರಾ?"

ವಾಸಿಫ್ ಅಳುವ ಹಾಗಾದ. ಬಸ್ಸಿಗೆ ಹೊತ್ತಾಗುತ್ತಿದೆ, ಯಂತ್ರ ಆಫೀಸಿಗೆ ಹೋದರೆ ಗಿಟಾರ್ ಮೂಕ, ಗಿಟಾರ್ ಮೂಕವಾದರೆ ತಾನು ಬರೀ ನೂಲಿನವನು. "ಕಣ್ಣಾರೆ ನೋಡಿ ಸಾರ್, ಆಮೇಲೆ ಬೇಕಾದ್ರೆ ನನ್ನನ್ನೇ ಎತ್ಕೊಂಡ್ಹೋಗಿ" ಎಂದವನೇ ಪಿಕಪ್ಪಿನಿಂದ ತೆಗೆದಿಟ್ಟಿದ್ದ ಸಪ್ಪೆ ಮ್ಯಾಗ್ನೆಟ್ಟನ್ನು ಅಕ್ಕಯ್ಯಮ್ಮನ ಸೇಫ್ಟಿ ಪಿನ್ನಿಗೆ ಮುಟ್ಟಿಸಿದ. ಪಿನ್ನು ಕದಲಲಿಲ್ಲ. ಬಿಸ್ಮಿಲ್ಲಾ ಎಂದು ಅದನ್ನು ಸಂದಿನಲ್ಲಿ ತೂರಿಸಿ, ಈಚೆಗೆ ತೆಗೆದು, ಮತ್ತೆ ಹತ್ತಿರ ಹಿಡಿದ.

ಪಿನ್ನು ಟಣ್ ಎಂದು ಹಾರಿ ಅಂಟಿಕೊಂಡಿತು. ಮನೆಯ ಬೀಗದ ಕೈ ಗೊಂಚಲು ಅಂಟಿತು. ಚೆನ್ನರಾಯಪ್ಪನವರ ಸ್ಕ್ರೂಡ್ರೈವರ್ ಅಂಟಿತು.

"ಹಿಡೀತು! ನೌರೀನ್, ಹಿಡೀತು ಕಣೇ!" ವಾಸಿಫ್ ಜಗಲಿಯ ಮೇಲೆ ಕುಣಿದ. ಇಡೀ ಬೀದಿ ಚಪ್ಪಾಳೆ ತಟ್ಟಿತು. ಚೆನ್ನರಾಯಪ್ಪನವರಿಗೂ ಉತ್ಸಾಹ ಬಂದು ಹತ್ತಿರದಿಂದ ನೋಡಲು ಬಗ್ಗಿದರು, ಬಗ್ಗಿದವರು "ಅಮ್ಮಾ" ಎಂದು ಮಂಡಿ ಹಿಡಿದುಕೊಂಡರು. ಅಕ್ಕಯ್ಯಮ್ಮ ಬಿಟ್ಟಾರೆಯೇ? ಮಂಡಿಗೆ ಮ್ಯಾಗ್ನೆಟ್ ಇಡಿಸಲು ಕೈ ಹಿಡಿದು ಅವರನ್ನು ಅಲ್ಲೇ ಕೂರಿಸಿಕೊಂಡರು. ಆ ಸಮಯ ಸಾಧಿಸಿ ವಾಸಿಫ್ ಪಿಕಪ್ ಜೋಡಿಸಿ, ಗಿಟಾರ್ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಓಡಿದ.

ಚಿಕ್ಕಬಳ್ಳಾಪುರದ ಛತ್ರ ತುಂಬಿ ತುಳುಕುತ್ತಿತ್ತು. ವಾಸಿಫ್ ಬಂದವನೇ ರಮೇಶ್‌ಬಾಬು ಅವರಿಗೆ ತನ್ನ ಮಿಷನ್ನಿನ ಕಥೆಯೆಲ್ಲ ಹೇಳಿ ವೇದಿಕೆ ಹತ್ತಿದ. ಮದುಮಕ್ಕಳು ಕೂತಿದ್ದರು. ಗಾಯಕಿ ಶಿರೀಷಾ ಮೈಕ್ ಹಿಡಿದಳು, ರಮೇಶ್‌ಬಾಬು ಕಣ್ಣಲ್ಲೇ ಸನ್ನೆ ಮಾಡಿದರು, ವಾಸಿಫ್ ತಂತಿ ಮೀಟಿದ.

ಝಣ್!

ಕೊನೆಯ ಸಾಲಿನವರು ತಿರುಗಿ ನೋಡಿದರು. ಹೊರಗೆ ಐಸ್‌ಕ್ರೀಮಿಗೆ ನಿಂತಿದ್ದವರು ಒಳಗೆ ಇಣುಕಿದರು. ವಾಸಿಫನಿಗೆ ಖುಷಿ ತಡೆಯಲಾಗಲಿಲ್ಲ. ಇಷ್ಟು ವರ್ಷಕ್ಕೆ ಮೊದಲ ಸಲ ಲೋಕ ತನ್ನನ್ನು ಕೇಳುತ್ತಿದೆ! ಅವನು ಕಣ್ಣು ಮುಚ್ಚಿ ಮೈಮರೆತು ಬಾರಿಸಿದ.

ಸ್ವಲ್ಪ ಹೊತ್ತಿಗೆ ಏನೋ ಎಡವಟ್ಟಾದಂತೆ ಅನಿಸಿತು. ಕೀಬೋರ್ಡು ಒಂದು ದಾರಿ ಹಿಡಿದಿದ್ದರೆ ಇನ್ನಾವುದೋ ವಾದ್ಯ ಬೇರೆಯೇ ದಾರಿಯಲ್ಲಿ ಎದ್ದು ಬಿದ್ದು ಓಡುತ್ತಿತ್ತು. ಶಿರೀಷಾ ಶ್ರುತಿ ಬಿಟ್ಟಳು, ಆಮೇಲೆ ಸಾಲೇ ಮರೆತಳು. ಯಾವನಪ್ಪ ಹೀಗೆ ಹಾಳು ಮಾಡುತ್ತಿರುವವನು ಎಂದು ವಾಸಿಫ್ ಸಿಟ್ಟಿನಿಂದ ಕಣ್ಣು ತೆರೆದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಅವನು ಕೈ ನಿಲ್ಲಿಸಿದ. ಹಾಡು ಸರಿಯಾಯಿತು. ಮತ್ತೆ ಮೀಟಿದ. ಕೆಟ್ಟಿತು. ಇಷ್ಟು ವರ್ಷ ವೇದಿಕೆಯ ಮೇಲೆ ಕೇಳಿಸಿಕೊಂಡು, ಆಹಾ ಎಂಥ ಕೈ ನನ್ನದು ಎಂದು ತಾನು ಹಿಗ್ಗಿದ್ದು ಪಕ್ಕದ ಕೀಬೋರ್ಡಿನವನ ಕೈಚಳಕಕ್ಕೆ ಎಂಬುದು ಆಗ ಅವನಿಗೆ ಹೊಳೆಯಿತು.

ರಮೇಶ್‌ಬಾಬು ಪಕ್ಕಕ್ಕೆ ಸರಿದು, ತುಟಿಯಲ್ಲಿ ನಗು ಇಟ್ಟುಕೊಂಡೇ, "ತಂತಿ ಮುಟ್ಬೇಡ, ಗಾಳೀಲಿ ಕೈ ಆಡಿಸು" ಎಂದು ಪಿಸುಗುಟ್ಟಿದರು. ವಾಸಿಫ್ ಗಾಳಿಯಲ್ಲಿ ಆಡಿಸಿದ. ಕಾರ್ಯಕ್ರಮ ಚೆನ್ನಾಗಿ ನಡೆಯಿತು.

ಊಟದ ಹಾಲಿನ ಬಾಗಿಲಲ್ಲಿ ವಾಸಿಫ್ ತಲೆ ತಗ್ಗಿಸಿ ನಿಂತಿದ್ದ. ರಮೇಶ್‌ಬಾಬು ಬಂದು ಹೆಗಲ ಮೇಲೆ ಕೈ ಹಾಕಿದರು.

"ಸಾರ್, ನಾಳೆಯಿಂದ ನಾನು ನೂಲೇ ನೋಡ್ಕೋತೀನಿ."

"ಹುಚ್ಚಪ್ಪಾ, ಗಿಟಾರಿನೋನು ಇಲ್ದಿದ್ರೆ ಸ್ಟೇಜು ಬೋಳು ಬೋಳಾಗಿ ಕಾಣಲ್ವಾ? ನಾಳೆ ಗೌರಿಬಿದನೂರು, ನೀನು ಬರ್ಲೇಬೇಕು. ಆದ್ರೆ ಗಾಳೀಲಿ ಆಡಿಸೋದು ಮುಂದೆ ಕೂತೋರ್ಗೆ ಗೊತ್ತಾಗೋಗುತ್ತೆ. ತಂತಿ ಮುಟ್ಬೇಕು, ಸದ್ದು ಬರ್ಬಾರ್ದು." ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಬಲ ತುಂಬೋ ಮಿಷನ್ ಮಾಡ್ದೆ ಅಂದ್ಯಲ್ಲ, ಇಳಿಸೋ ಮಿಷನ್ ಮಾಡಕ್ಕಾಗುತ್ತಾ?"

ವಾಸಿಫನ ಮುಖ ಇನ್ನಷ್ಟು ಬಾಡಿತು. ಆದರೆ ತಲೆಯೊಳಗೆ ಆಗಲೇ ವೈಸು, ಸಂದು, ಮ್ಯಾಗ್ನೆಟ್ಟಿನ ಉಲ್ಟಾ ಮುಖ ಎಲ್ಲ ಒಂದೊಂದಾಗಿ ಜೋಡಿಸಿಕೊಳ್ಳತೊಡಗಿದ್ದವು.

"ಆಗುತ್ತೆ ಸಾರ್!" ಎಂದ ವಾಸಿಫ್, ಕಣ್ಣರಳಿಸಿ. "ಬೆಳಿಗ್ಗೆಯಷ್ಟೊತ್ಗೆ ಒಂದು ಚೂರೂ ಕೇಳಿಸ್ದಂಗೆ ಮಾಡ್ತೀನಿ, ನೋಡ್ತಿರಿ!"